ಕೆಲಸದ ಜಾಗದಲ್ಲಿ ಮಾತಾಡುವುದನ್ನು ಕಲಿಸುವುದು ಹೇಗೆ: ಹೊಸದಾಗಿ ಸೇರಿದವರಿಗೆ ಆರು ವಾರದ ಪಾಠ

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ನಾನು ಸೂಪರ್‌ವೈಸರ್ ಆಗಿದ್ದಾಗ ನಡೆದದ್ದು ಇದು. ಸೆಕೆಂಡ್ ಶಿಫ್ಟ್ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಸಿಎನ್‌ಸಿ ಲೇತ್‌ನಲ್ಲಿ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡಿಯುವ ಮೆಷಿನ್) ಹೊಸ ಇನ್ಸರ್ಟ್, ಅಂದರೆ ಲೋಹ ಕಡಿಯುವ ತುದಿ, ಹಾಕಿದ್ದ. ಹಳೆಯದು ಸವೆದಿತ್ತು ಅಂತ ಕೊಟ್ಟಿದ್ದ ವೇರ್ ಆಫ್‌ಸೆಟ್ (ಸವೆತ ಸರಿದೂಗಿಸಲು ಅಳತೆಯಲ್ಲಿ ಮಾಡುವ ತಿದ್ದುಪಡಿ) ಮಾತ್ರ ಹಾಗೇ ಉಳಿದಿತ್ತು. ನೈಟ್ ಶಿಫ್ಟ್‌ನವನು ಬಂದು "ಎಲ್ಲಾ ಓಕೆನಾ?" ಅಂದ. ಇವನು "ಓಕೆ ಅಣ್ಣ" ಅಂದು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಓಡಿದ. ಮೊದಲ ಪೀಸ್ ಅಳೆದು ನೋಡಬೇಕಿತ್ತು, ಆದರೆ ಓಕೆ ಅಂದಿದ್ದಾನಲ್ಲ ಅಂತ ನೈಟ್‌ನವನು ನಂಬಿದ. ಬೆಳಿಗ್ಗೆ ಎಣಿಸಿದರೆ 46 ಪೀಸ್ ಅಂಡರ್‌ಸೈಜ್, ಬೇಕಾದ ಅಳತೆಗಿಂತ ಸಣ್ಣ. ಅಷ್ಟೂ ಸ್ಕ್ರ್ಯಾಪ್.

ಇಬ್ಬರಿಗೂ ಮೆಷಿನ್ ಚೆನ್ನಾಗಿ ಗೊತ್ತಿತ್ತು. "ಇನ್ಸರ್ಟ್ ಬದಲಾಯಿಸಿದೀನಿ, ಆಫ್‌ಸೆಟ್ ನೋಡ್ಕೋ" ಅನ್ನುವ ಒಂದು ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗಲಿಲ್ಲ ಅಷ್ಟೇ.

ಅದಾದ ಮೇಲೆ ಮ್ಯಾನೇಜ್‌ಮೆಂಟ್‌ನವರು ಹೊರಗಿನಿಂದ ಒಬ್ಬರನ್ನು ಕರೆಸಿ ಕಮ್ಯೂನಿಕೇಷನ್ ಕ್ಲಾಸ್ ಮಾಡಿಸಿದರು. ಇಂಗ್ಲಿಷ್‌ನಲ್ಲಿ ನಿಮ್ಮ ಬಗ್ಗೆ ಹೇಳಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ನಗುಮುಖ ಇರಲಿ. ಹುಡುಗರು ಎರಡು ದಿನ ಮೈ ಮುದುಡಿ ಕೂತಿದ್ದರು. ಮೂರನೇ ದಿನ ಶಿಫ್ಟ್ ಬದಲಾಗುವಾಗ ಮತ್ತೆ ಅದೇ "ಓಕೆನಾ", "ಓಕೆ ಅಣ್ಣ". ಆಗ ನಾನೇ ಕಲಿಸಲು ಶುರು ಮಾಡಿದೆ. ಈಗ ಐಟಿಐ, ಡಿಪ್ಲೊಮಾ ಮುಗಿಸಿ ಮೊದಲ ಕೆಲಸಕ್ಕೆ ಬಂದವರಿಗೆ ಇದನ್ನೇ ಪಾಠ ಮಾಡುತ್ತೇನೆ. ಕೆಲಸದ ಮಾತು ಕಲಿಯಲು ಇಂಗ್ಲಿಷ್ ಬೇಕಿಲ್ಲ. ಯಾವ ಭಾಷೆಯಲ್ಲಿ ಯೋಚನೆ ಮಾಡುತ್ತಾರೋ ಆ ಭಾಷೆಯಲ್ಲಿ ಸರಿಯಾಗಿ ಕೇಳಲು, ಹೇಳಲು, ಇಲ್ಲ ಅನ್ನಲು ಬಂದರೆ ಮುಂದೆ ಇಂಗ್ಲಿಷ್‌ನಲ್ಲೂ ಬರುತ್ತದೆ. ಉದಾಹರಣೆಗಳೆಲ್ಲ ಮೆಷಿನ್ ಶಾಪ್‌ನವು. ಆಸ್ಪತ್ರೆ, ಗಾರ್ಮೆಂಟ್ಸ್, ಬ್ಯಾಂಕ್, ಐಟಿ ಕಂಪನಿ ಎಲ್ಲಿ ಕಲಿಸಿದರೂ ನಿಮ್ಮ ಜಾಗದ ಉದಾಹರಣೆ ಹಾಕಿಕೊಳ್ಳಿ, ಕ್ರಮ ಇದೇ ಇರಲಿ.

ಮೊದಲು ಒಂದು ವಾರ ಸುಮ್ನೆ ಕೇಳಿ

ಪಾಠಕ್ಕೆ ಮುಂಚೆ ಒಂದು ವಾರ ಕೆಲಸ ನಡೆಯುವ ಜಾಗದಲ್ಲಿ ಓಡಾಡಿ. ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ ಇರಲಿ. ಮೂರು ಹೊತ್ತು ಮುಖ್ಯ: ಶಿಫ್ಟ್ ಬದಲಾಗುವಾಗ, ಹೊಸ ಕೆಲಸ ಹೇಳಿಕೊಡುವಾಗ, ಏನಾದರೂ ಕೆಟ್ಟು ನಿಂತಾಗ. ಒಬ್ಬರು ಏನು ಅಂದರು, ಎದುರಿನವರು ಏನು ಮಾಡಿದರು, ಎರಡೇ ಸಾಲು ಬರೆದುಕೊಳ್ಳಿ. ಹೆಸರು ಮಾತ್ರ ಬರೆಯಬೇಡಿ. ಹೆಸರು ಬರೆದರೆ ಅದು ಚಾಡಿ ಪುಸ್ತಕ ಆಗುತ್ತದೆ, ಆಮೇಲೆ ನಿಮ್ಮ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಜಾಸ್ತಿ ಸಲ ಬಂದ ಮಾತುಗಳು ಇವು: "ನೋಡ್ತೀನಿ ಸರ್", "ಮಾಡೋಣ", "ಆಗುತ್ತೆ ಬಿಡಿ", "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ". ಇದರಲ್ಲಿ "ಮಾಡೋಣ" ತುಂಬಾ ಅಪಾಯದ ಮಾತು. ಕೇಳಲು ಹಿತವಾಗಿರುತ್ತದೆ, ಎಲ್ಲರೂ ಒಪ್ಪಿದ ಹಾಗೆ ಕಾಣುತ್ತದೆ, ಆದರೆ ಯಾರು ಮಾಡಬೇಕು, ಯಾವಾಗ ಮಾಡಬೇಕು ಅನ್ನುವುದು ಅದರೊಳಗೆ ಇಲ್ಲವೇ ಇಲ್ಲ. ಸೂಪರ್‌ವೈಸರ್ "ಆ ಫಿಕ್ಸ್ಚರ್ ಕ್ಲೀನ್ ಮಾಡ್ಬೇಕು" ಅಂದರು, ಹುಡುಗ "ಮಾಡೋಣ ಸರ್" ಅಂದ, ಸಂಜೆವರೆಗೆ ಯಾರೂ ಮುಟ್ಟಲಿಲ್ಲ. ಇಂಥ ಹತ್ತು ಸಂದರ್ಭ ಸಿಕ್ಕರೆ ನಿಮ್ಮ ಪಾಠದ ಪುಸ್ತಕ ಸಿದ್ಧ.

ಬ್ಯಾಚ್, ಜಾಗ, ಸಮಯ

ಒಂದು ಬ್ಯಾಚ್‌ಗೆ 10ರಿಂದ 12 ಜನ ಸಾಕು. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ, ಆರು ವಾರ. ಎರಡು ದಿನದಲ್ಲಿ ಎಲ್ಲ ಸುರಿದುಬಿಡುವ ವರ್ಕ್‌ಶಾಪ್ ಬೇಡ. ಮಾತು ಅಭ್ಯಾಸದಿಂದ ಬರುವಂಥದ್ದು, ನಡುವೆ ನಾಲ್ಕು ದಿನ ಕೆಲಸದಲ್ಲಿ ಬಳಸಿ ನೋಡಬೇಕು. ಸಮಯ ಕೆಲಸದ ಅವಧಿಯೊಳಗೇ ಇರಲಿ. ಶಿಫ್ಟ್ ಮುಗಿದ ಮೇಲೆ ಕೂರಿಸಿದರೆ ಕಣ್ಣೆಲ್ಲ ಗಡಿಯಾರದ ಮೇಲೇ ಇರುತ್ತದೆ.

ಹುಡುಗರಿಗಿಂತ ಮುಂಚೆ ಸೂಪರ್‌ವೈಸರ್‌ಗಳಿಗೆ ಕಲಿಸಿ. ಇದು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಹುಡುಗ ಧೈರ್ಯ ಮಾಡಿ "ಸರ್, ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳಿ" ಅಂದಾಗ "ಅಷ್ಟೂ ಗೊತ್ತಾಗಲ್ವೇನೋ, ಡಿಪ್ಲೊಮಾ ಯಾರ್ ಕೊಟ್ರು ನಿಂಗೆ" ಅಂತ ಉತ್ತರ ಬಂದರೆ, ಅವನು ಆ ಕಂಪನಿಯಲ್ಲಿ ಇರುವವರೆಗೆ ಮತ್ತೆ ಕೇಳುವುದಿಲ್ಲ. ಇಬ್ಬರನ್ನೂ ಒಂದೇ ಬ್ಯಾಚ್‌ನಲ್ಲಿ ಮಾತ್ರ ಕೂರಿಸಬೇಡಿ. ಸೂಪರ್‌ವೈಸರ್ ಇದ್ದ ಕಡೆ ಹುಡುಗರ ಗಂಟಲು ಕಟ್ಟುತ್ತದೆ.

ಮೊದಲ ಎರಡು ವಾರ: ಕೇಳಿಸಿಕೊಂಡು ತಿರುಗಿ ಹೇಳುವುದು

ಇಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿ. ಒಬ್ಬನ ಕೈಗೆ ಒಂದು ಸರಳ ಡ್ರಾಯಿಂಗ್ ಕೊಡಿ, ಮೂರು ಮೆಟ್ಟಿಲಿನ ಒಂದು ಶಾಫ್ಟ್ ಸಾಕು. ಇನ್ನೊಬ್ಬನ ಕೈಗೆ ಖಾಲಿ ಹಾಳೆ. ಮೊದಲ ಸುತ್ತಿನಲ್ಲಿ ಡ್ರಾಯಿಂಗ್ ಇದ್ದವನು ಬಾಯಲ್ಲಿ ಹೇಳಬೇಕು, ಇನ್ನೊಬ್ಬ ಒಂದೂ ಪ್ರಶ್ನೆ ಕೇಳದೆ ಬರೆಯಬೇಕು. ಐದು ನಿಮಿಷ. ಎರಡೂ ಹಾಳೆ ಪಕ್ಕಪಕ್ಕ ಇಟ್ಟರೆ ಕ್ಲಾಸ್‌ನಲ್ಲಿ ನಗು ಏಳುತ್ತದೆ, ಏಳಲಿ. ಎರಡನೇ ಸುತ್ತಿನಲ್ಲಿ ಬೇರೆ ಡ್ರಾಯಿಂಗ್, ಈಗ ಪ್ರಶ್ನೆ ಕೇಳಬಹುದು. ಮೂರನೇ ಸುತ್ತಿನಲ್ಲಿ ಪ್ರತಿ ಅಳತೆ ಹೇಳಿದ ಮೇಲೂ ಬರೆಯುವವನು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು: "ಎಡಗಡೆಯಿಂದ 20 ಎಂಎಂ ಉದ್ದ, ಡಯಾ 32, ಅಲ್ವಾ?" ಆಮೇಲೆ ಮೂರು ಹಾಳೆಯನ್ನೂ ಗೋಡೆಗೆ ಅಂಟಿಸಿ. ಮೂರನೆಯದು ಯಾಕೆ ಸರಿ ಬಂತು ಅಂತ ಅವರೇ ಹೇಳುತ್ತಾರೆ, ನೀವು ವಿವರಿಸಬೇಕಾಗಿಲ್ಲ.

ಆಗ ಒಂದು ನಿಜವಾದ ಘಟನೆ ಹೇಳಿ. 1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ಟೆನೆರೀಫ್‌ನಲ್ಲಿ ದಟ್ಟ ಮಂಜಿನ ನಡುವೆ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೇ ಡಿಕ್ಕಿ ಹೊಡೆದು 583 ಜನ ಸತ್ತರು. ಅದರಲ್ಲಿ ಒಂದು, ಡಚ್ ಕಂಪನಿ ಕೆಎಲ್‌ಎಂನ ವಿಮಾನ. ಅದರ ಕ್ಯಾಪ್ಟನ್ ಟೇಕಾಫ್‌ಗೆ ಅನುಮತಿ ಬರುವ ಮೊದಲೇ ಹೊರಟಿದ್ದರು. ಅವರ ಕಡೆಯಿಂದ ರೇಡಿಯೋದಲ್ಲಿ ಬಂದ ಮಾತು ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ನವರಿಗೆ ಬೇರೆ ಥರ ಅರ್ಥವಾಯಿತು. ಕಾಕ್‌ಪಿಟ್‌ನಲ್ಲೇ ಇದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯಾ ಅಂತ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಅಂದರು. ಅವರು ಆ ಕಂಪನಿಯ ಬಹಳ ಹಿರಿಯ ಪೈಲಟ್. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಇದಾದ ಮೇಲೆ ವಿಮಾನಯಾನದಲ್ಲಿ ಟೇಕಾಫ್ ಅನ್ನುವ ಪದವನ್ನು ಯಾವಾಗ ಬಳಸಬಹುದು ಅನ್ನುವುದಕ್ಕೇ ನಿಯಮ ಬಿಗಿಯಾಯಿತು, ಸೂಚನೆಯನ್ನು ತಿರುಗಿ ಹೇಳುವುದಕ್ಕೆ ಒತ್ತು ಬಂತು. ಕಾಕ್‌ಪಿಟ್‌ನಲ್ಲಿ ಕಿರಿಯರು ಹಿರಿಯರಿಗೆ ಎಚ್ಚರಿಕೆ ಹೇಳುವುದನ್ನು ಪಾಠವಾಗಿ ಕಲಿಸಬೇಕು ಅನ್ನುವ ಯೋಚನೆಗೆ 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ರೂಪ ಬಂತು.

ಈ ಕಥೆ ಹೇಳಿ ಮುಗಿಸಿದಾಗ ಕ್ಲಾಸ್‌ನಲ್ಲಿ ಸದ್ದಿರುವುದಿಲ್ಲ. "ಸೀನಿಯರ್‌ಗೆ ಎದುರು ಹೇಳೋದು ಹೇಗೆ ಸರ್" ಅನ್ನುವ ಪ್ರಶ್ನೆ ಯಾರಾದರೂ ಎತ್ತುತ್ತಾರೆ. ಉತ್ತರ ಆಗಲೇ ಕೊಡಬೇಡಿ. ಬೋರ್ಡ್ ಮೇಲೆ ಬರೆದಿಡಿ, ನಾಲ್ಕನೇ ವಾರಕ್ಕೆ ಬೇಕು.

ಇನ್ನೊಂದು ಮಾತು. ಇಂಥ ಕ್ಲಾಸ್‌ಗಳಲ್ಲಿ "ಮಾತಿನಲ್ಲಿ ಪದಕ್ಕೆ ಶೇಕಡಾ 7, ದನಿಗೆ 38, ಮುಖಭಾವಕ್ಕೆ 55" ಅನ್ನುವ ಸ್ಲೈಡ್ ಹಾಕುತ್ತಾರಲ್ಲ, ಅದನ್ನು ದಯವಿಟ್ಟು ಹಾಕಬೇಡಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಲೆಕ್ಕ ಅದು. ಅಲ್ಲಿ ಬಳಸಿದ್ದು ಬಿಡಿ ಬಿಡಿ ಪದಗಳು. ಒಬ್ಬರಿಗೆ ಇಷ್ಟ ಇದೆಯೋ ಇಲ್ಲವೋ ಅನ್ನುವ ಭಾವನೆಯನ್ನು ನಾವು ಹೇಗೆ ಊಹಿಸುತ್ತೇವೆ ಅನ್ನುವುದಷ್ಟೇ ಅಲ್ಲಿನ ವಿಷಯ. ಎಲ್ಲ ಮಾತಿಗೂ ಇದು ಅನ್ವಯಿಸುವುದಿಲ್ಲ ಅಂತ ಅವರೇ ಹೇಳಿದ್ದಾರೆ. "ಆಫ್‌ಸೆಟ್ ಮೈನಸ್ 0.05" ಅನ್ನುವಲ್ಲಿ ಪೂರ್ತಿ ತೂಕ ಪದದ್ದೇ.

ಮೂರನೇ ವಾರ: ಪ್ರಶ್ನೆ ಕೇಳುವುದು, ಕೆಲಸ ಒಪ್ಪಿಸುವುದು

ಸೂಪರ್‌ವೈಸರ್ ಬ್ಯಾಚ್‌ನಲ್ಲಿ ಒಂದು ಮಾತನ್ನು ನಾನು ಪೂರ್ತಿ ಬಿಡಿಸುತ್ತೇನೆ: "ಗೊತ್ತಾಯ್ತಾ?" ಈ ಪ್ರಶ್ನೆಗೆ ನಮ್ಮ ಕಡೆ ಒಂದೇ ಉತ್ತರ, "ಆಯ್ತು ಸರ್". ಗೊತ್ತಾಗಲಿಲ್ಲ ಅಂದರೆ ದಡ್ಡ ಅಂದುಕೊಳ್ಳುತ್ತಾರೆ, ಮತ್ತೆ ಕೇಳಿದರೆ ಹೇಳಿಕೊಟ್ಟವರಿಗೆ ಬೇಜಾರು ಅನ್ನುವ ಸಂಕೋಚ ಮನೆಯಿಂದ, ಶಾಲೆಯಿಂದಲೇ ಬಂದಿರುತ್ತದೆ. ಅದರ ಬದಲು ಹೀಗೆ ಕೇಳಲಿ: "ನಾನು ಸರಿಯಾಗಿ ಹೇಳಿದ್ನಾ ಇಲ್ವಾ ನೋಡೋಣ, ಮೊದಲು ಏನು ಮಾಡ್ತೀಯ ಹೇಳು." ತಪ್ಪಿದರೆ ಹೇಳಿಕೊಟ್ಟವರದು ತಪ್ಪು ಅಂತಾಗುತ್ತದೆ. ಹುಡುಗನ ಮುಖ ಸಡಿಲವಾಗುತ್ತದೆ. ಹುಡುಗರ ಬ್ಯಾಚ್‌ನಲ್ಲಿ ಇದರ ಇನ್ನೊಂದು ಅರ್ಧ ಕಲಿಸಿ. "ಅರ್ಥ ಆಗಲಿಲ್ಲ" ಅಂತ ಬರೀ ಅಷ್ಟೇ ಅನ್ನುವ ಬದಲು "ಇಲ್ಲಿವರೆಗೆ ಗೊತ್ತಾಯ್ತು ಸರ್, ಇದಾದ್ಮೇಲೆ ಕ್ಲ್ಯಾಂಪ್ ಯಾವ ಕಡೆ ಅಂತ ಗೊತ್ತಾಗ್ಲಿಲ್ಲ" ಅಂತ ನಿಂತ ಜಾಗ ತೋರಿಸಿ ಕೇಳುವುದು. ಹೀಗೆ ಕೇಳಿದವನ ಮೇಲೆ ಯಾರಿಗೂ ಸಿಟ್ಟು ಬರುವುದು ಕಡಿಮೆ.

ಆಮೇಲೆ ಶಿಫ್ಟ್ ಒಪ್ಪಿಸುವುದು. ಅಮೆರಿಕದ ನೌಕಾಪಡೆಯ ಸಬ್‌ಮೆರೀನ್‌ಗಳಲ್ಲಿ ಮಾಹಿತಿ ದಾಟಿಸಲು ಇದ್ದ ಒಂದು ಕ್ರಮವನ್ನು ಅಲ್ಲಿನ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳು ಡಾಕ್ಟರ್, ನರ್ಸ್‌ಗಳ ನಡುವಿನ ಮಾತಿಗೆ ಹೊಂದಿಸಿಕೊಂಡವು. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನು ಅನ್ನಿಸುತ್ತದೆ, ಏನು ಮಾಡಬೇಕು, ಇದೇ ಕ್ರಮದಲ್ಲಿ ನಾಲ್ಕು ಮಾತು. ನಾನು ಇದನ್ನು ಮೆಷಿನ್ ಶಾಪ್‌ಗೆ ಬದಲಾಯಿಸಿಕೊಂಡಿದ್ದೇನೆ:

1. ಏನು ಓಡ್ತಿದೆ
2. ನನ್ನ ಶಿಫ್ಟ್‌ನಲ್ಲಿ ಏನು ಬದಲಾಯಿಸಿದೆ
3. ಏನು ಬಾಕಿ ಇದೆ
4. ಎಲ್ಲಿ ಹುಷಾರು

ಎರಡನೆಯದರ ಮೇಲೆ ಜಾಸ್ತಿ ಅಭ್ಯಾಸ ಮಾಡಿಸಿ, ಬಿಟ್ಟುಹೋಗುವುದು ಯಾವಾಗಲೂ ಅದೇ. ಕೇಳಿಸಿಕೊಂಡವನು ಎರಡು ಮತ್ತು ನಾಲ್ಕನ್ನು ತಿರುಗಿ ಹೇಳಬೇಕು. ಪೂರ್ತಿ ಮಾತು ಒಂದು ನಿಮಿಷವೂ ಹಿಡಿಯುವುದಿಲ್ಲ. ಮೆಷಿನ್ ಮುಂದೆ ನಿಂತೇ ಒಪ್ಪಿಸಬೇಕು, ಗೇಟ್ ಹತ್ತಿರ ಅಲ್ಲ. ಈ ನಾಲ್ಕು ಸಾಲನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಪ್ರತಿ ಮೆಷಿನ್ ಪಕ್ಕ ಅಂಟಿಸಿ.

ನಾಲ್ಕನೇ ವಾರ: ಕೆಟ್ಟ ಸುದ್ದಿ ಬೇಗ ಹೇಳುವುದು, ಇಲ್ಲ ಅನ್ನುವುದು

ಇಡೀ ಪಾಠದಲ್ಲಿ ಕಷ್ಟದ ವಾರ ಇದು. ಆತುರ ಮಾಡಬೇಡಿ, ಬೇಕಾದರೆ ಇನ್ನೊಂದು ವಾರ ತೆಗೆದುಕೊಳ್ಳಿ.

ಕೆಟ್ಟ ಸುದ್ದಿಗೆ ಮೂರು ತುಂಡಿನ ಒಂದು ಮಾತು ಕಲಿಸಿ. ಏನಾಯ್ತು, ಈಗ ನಾನು ಏನು ಮಾಡಿದ್ದೇನೆ, ನಿಮ್ಮಿಂದ ಏನು ಬೇಕು. "ಸರ್, ಕೊನೆ ನಾಲ್ಕು ಪೀಸ್ ಡಯಾ ಕಮ್ಮಿ ಬಂದಿದೆ. ಮೆಷಿನ್ ನಿಲ್ಲಿಸಿದೀನಿ, ಪೀಸ್ ಬೇರೆ ಇಟ್ಟಿದೀನಿ. ನೀವು ಒಂದ್ಸಲ ಬಂದು ನೋಡಿ." ನಾವು ಸಾಮಾನ್ಯವಾಗಿ ಕಾರಣದಿಂದ ಶುರು ಮಾಡುತ್ತೇವೆ. "ಸರ್ ಬೆಳಿಗ್ಗೆ ಕರೆಂಟ್ ಹೋಗಿತ್ತು, ಆಮೇಲೆ ಕೂಲೆಂಟ್..." ಅಂತ ಸುತ್ತಿ ಬಳಸಿ ವಿಷಯಕ್ಕೆ ಬರುವಷ್ಟರಲ್ಲಿ ಕೇಳುವವರ ತಾಳ್ಮೆ ಮುಗಿದಿರುತ್ತದೆ. ಕಾರಣ ಆಮೇಲೆ ಕೇಳುತ್ತಾರೆ, ಆಗ ಹೇಳಲಿ.

ಸೂಪರ್‌ವೈಸರ್‌ಗೆ ಇದಕ್ಕಿಂತ ದೊಡ್ಡ ಅಭ್ಯಾಸ ಬೇಕು. ಕೆಟ್ಟ ಸುದ್ದಿ ಕೇಳಿದ ಕೂಡಲೇ ಬಾಯಿಂದ ಬರುವ ಮೊದಲ ಮಾತು ಯಾವುದು? ನಾನು ಅವರನ್ನು ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದೊಂದು ಕೆಟ್ಟ ಸುದ್ದಿ ಹೇಳಿ, ಮೊದಲ ಮಾತು "ಹೇಳಿದ್ದು ಒಳ್ಳೇದಾಯ್ತು" ಅಂತಲೇ ಬರುವವರೆಗೆ ಮತ್ತೆ ಮತ್ತೆ ಮಾಡಿಸುತ್ತೇನೆ. ಇಪ್ಪತ್ತು ವರ್ಷ ಕೆಲಸ ಮಾಡಿದ ಒಬ್ಬ ಹಿರಿಯರಿಗೆ ಒಂಬತ್ತನೇ ಸಲಕ್ಕೆ ಬಂತು. ಮೊದಲ ಎಂಟು ಸಲವೂ "ಏನ್ ಮಾಡ್ತಿದ್ದೆ ನೀನು?" ಅಂತಲೇ ಬಾಯಿಗೆ ಬರುತ್ತಿತ್ತು. ಅವರು ಒಳ್ಳೆಯ ಮನುಷ್ಯ, ತನ್ನ ಹುಡುಗರಿಗೆ ಊಟ ತಂದು ಕೊಡುವವರು. ಬಾಯಿಗೆ ಮಾತ್ರ ಆ ಮಾತು ರೂಢಿಯಾಗಿತ್ತು, ಒಂಬತ್ತನೇ ಸಲ ಹೇಳಿದಾಗ ಅವರೇ ಒಂದು ಕ್ಷಣ ಸುಮ್ಮನೆ ನಿಂತರು.

ಇನ್ನು ಇಲ್ಲ ಅನ್ನುವುದು. ಹಿರಿಯರಿಗೆ ನೇರವಾಗಿ "ಆಗಲ್ಲ" ಅಂದರೆ ಉದ್ಧಟತನ, "ಆಯ್ತು" ಅಂದು ಮಾಡದೆ ಬಿಟ್ಟರೆ ಮೋಸ. ನಡುವಿನ ದಾರಿ ಆಯ್ಕೆ ಮುಂದಿಡುವುದು: "ಇದನ್ನ ಈಗ ಹಿಡಿದ್ರೆ ಆ ಲಾಟ್ ನಾಳೆ ಮಧ್ಯಾಹ್ನಕ್ಕೆ ಹೋಗುತ್ತೆ ಸರ್. ಯಾವ್ದು ಮೊದಲು ಮುಗಿಸ್ಲಿ?" ಈಗ ಬೋರ್ಡ್ ಮೇಲೆ ಉಳಿದಿದ್ದ ಪ್ರಶ್ನೆಗೆ ಬನ್ನಿ. ಸೀನಿಯರ್ ತಪ್ಪು ಮಾಡುತ್ತಿದ್ದಾರೆ ಅನ್ನಿಸಿದರೆ? ಒಂದು ಸಲ ಪ್ರಶ್ನೆಯ ಥರ ಕೇಳಿ. ಕಿವಿಗೆ ಹಾಕಿಕೊಳ್ಳದಿದ್ದರೆ ಎರಡನೇ ಸಲ ನೋಡಿದ್ದನ್ನು ಹೇಳಿ: "ಅಣ್ಣ, ಡ್ರಾಯಿಂಗ್‌ನಲ್ಲಿ 32 ಇದೆ, ಇಲ್ಲಿ 30 ಹಾಕಿದೀರ." ಸುರಕ್ಷತೆಯ ವಿಷಯ ಆದರೆ ಮೂರನೇ ಮಾತೇ ಬೇಡ, ಎಮರ್ಜೆನ್ಸಿ ಬಟನ್ ಒತ್ತಿ. ಒತ್ತಿದವನ ಮೇಲೆ ಯಾರೂ ಕೂಗಾಡುವುದಿಲ್ಲ ಅನ್ನುವ ಮಾತನ್ನು ಮ್ಯಾನೇಜ್‌ಮೆಂಟ್ ಬಾಯಿಂದಲೇ ಕ್ಲಾಸ್‌ಗೆ ಬಂದು ಹೇಳಿಸಿ.

ಐದನೇ ವಾರ: ತಪ್ಪು ಹೇಳುವುದು, ಕರೆಯುವುದು

ತಪ್ಪು ತಿದ್ದುವಾಗ ಮೂರು ವಿಷಯ ಮಾತ್ರ ಬರಲಿ. ಯಾವಾಗ ಎಲ್ಲಿ, ನೀನು ಏನು ಮಾಡಿದೆ, ಅದರಿಂದ ಏನಾಯಿತು. "ನೀನು ಯಾವಾಗ್ಲೂ ಹೀಗೇ", "ನಿಂಗೆ ಜವಾಬ್ದಾರಿನೇ ಇಲ್ಲ" ಅನ್ನುವುದು ಮನುಷ್ಯನ ಮೇಲೆ ತೀರ್ಪು. "ಇವತ್ತು ಬೆಳಿಗ್ಗೆ ನೀನು ಗೇಜ್ ವಾಪಸ್ ಇಡ್ಲಿಲ್ಲ, ಹುಡುಕೋಕೆ ಅರ್ಧ ಗಂಟೆ ಹೋಯ್ತು" ಅನ್ನುವುದು ನಡೆದ ವಿಷಯ. ಎರಡನ್ನೂ ಅದೇ ದನಿಯಲ್ಲಿ ಹೇಳಿಸಿ, ಕೇಳಿದವನಿಗೆ ಒಳಗೆ ಏನಾಯಿತು ಅಂತ ಕೇಳಿ. ನಾಲ್ಕು ಜನರ ಮುಂದೆ ಬೇಡ, ಪಕ್ಕಕ್ಕೆ ಕರೆದು ಹೇಳಲಿ. ಹೊಗಳಿಕೆಗೂ ಇದೇ ಕ್ರಮ, ಅದನ್ನು ಮಾತ್ರ ಎಲ್ಲರ ಮುಂದೆ.

ಏಕವಚನ, ಬಹುವಚನದ ವಿಷಯಕ್ಕೆ ಒಂದು ಗಂಟೆ ಪೂರ್ತಿ ಇಡಿ. ಯಾರನ್ನು ನೀನು ಅನ್ನಬೇಕು, ಯಾರನ್ನು ನೀವು ಅನ್ನಬೇಕು ಅನ್ನುವುದರಲ್ಲಿ ನಮ್ಮಲ್ಲಿ ಆಗುವಷ್ಟು ಮನಸ್ತಾಪ ಬೇರೆ ಯಾವುದರಿಂದಲೂ ಆಗುವುದಿಲ್ಲ. ಕಲಬುರಗಿ ಕಡೆಯ ಹುಡುಗ "ಯಾಕ್ರೀ ಸರ್, ಏನಾತ್ರಿ" ಅಂದರೆ ಅವನು ಮರ್ಯಾದೆಯಿಂದಲೇ ಕೇಳುತ್ತಿದ್ದಾನೆ. ಬೆಂಗಳೂರು, ಮಂಡ್ಯ ಕಡೆಯ ಕಿವಿಗೆ ಅದೇ "ಏನ್ರೀ" ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ. ಇಲ್ಲಿಯವರು ಸಲಿಗೆಯಿಂದ "ಬಾರೋ ಮಗಾ" ಅಂದರೆ ಹೊಸ ಊರಿಗೆ ಬಂದವನಿಗೆ ಅವಮಾನ ಆಗಬಹುದು. ಒಂದು ಚೀಟಿ ಕೊಟ್ಟು "ನನ್ನನ್ನು ಹೀಗೆ ಕರೆದರೆ ಇಷ್ಟ, ಹೀಗೆ ಕರೆದರೆ ಬೇಜಾರು" ಅಂತ ಬರೆಸಿ, ಹೆಸರಿಲ್ಲದೆ ಓದಿ ಹೇಳಿ. ಒಮ್ಮೆ ಒಂದು ಚೀಟಿಯಲ್ಲಿ ಹೀಗಿತ್ತು: "ಗಂಡಸರನ್ನ ಅವರು ಇವರು ಅಂತಾರೆ, ನಮ್ಮನ್ನ ಏಯ್ ಬಾರಮ್ಮ ಅಂತಾರೆ." ಯಾರು ಬರೆದರು ಅಂತ ಯಾರೂ ಕೇಳಲಿಲ್ಲ, ಮರುದಿನದಿಂದ ಆ ಲೈನ್‌ನಲ್ಲಿ "ಏಯ್" ನಿಂತಿತು. ನನ್ನ ಸಲಹೆ ಏನೆಂದರೆ ಕೆಲಸದ ಹೊತ್ತಿನಲ್ಲಿ ಎಲ್ಲರಿಗೂ ನೀವು, ಅಣ್ಣ, ಅಕ್ಕ, ಸರ್, ಮೇಡಂ ಯಾವುದು ಇಷ್ಟವೋ ಅದು.

ಒಂದು ಗೆರೆ ಇಲ್ಲಿ ಸ್ಪಷ್ಟವಾಗಿರಲಿ. ಹೆಣ್ಣುಮಕ್ಕಳಿಗೆ ಅಸಭ್ಯವಾಗಿ ಮಾತಾಡುವುದು, ಮುಟ್ಟುವುದು ಮಾತಿನ ಕೌಶಲದ ಸಮಸ್ಯೆ ಅಲ್ಲ. ಅದಕ್ಕೆ 2013ರ ಕಾನೂನು ಇದೆ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯಲ್ಲಿ ಯಾರಿದ್ದಾರೆ, ಹೇಗೆ ದೂರು ಕೊಡಬೇಕು ಅಂತ ಕ್ಲಾಸ್‌ನಲ್ಲೇ ಹೇಳಿ.

ಬಿಹಾರ, ಒಡಿಶಾದಿಂದ ಬಂದವರು ಜೊತೆಗಿದ್ದರೆ ಡ್ರಾಯಿಂಗ್ ಮೇಲೆ ಬೆರಳಿಟ್ಟು ತೋರಿಸಿ, ಅವರ ಕೈಯಲ್ಲಿ ಒಂದು ಸಲ ಮಾಡಿಸಿ ನೋಡಿ. ಅದೇ ಅವರು ತಿರುಗಿ ಹೇಳಿದ ಹಾಗೆ.

ನಟಿಸಿ ಅಭ್ಯಾಸ ಮಾಡಿಸುವುದು ಹೇಗೆ

ಮೇಲಿನ ಎಲ್ಲ ವಾರಕ್ಕೂ ಇದೇ ಸಾಧನ. ಮೂವರ ಗುಂಪು: ಹೇಳುವವನು, ಕೇಳುವವನು, ನೋಡುವವನು. ನಿಮ್ಮ ನೋಟ್‌ಬುಕ್ಕಿನ ಒಂದು ಸಂದರ್ಭ ಕೊಡಿ, ಮೂರು ನಿಮಿಷ ನಟಿಸಲಿ. ಆಮೇಲೆ ನೋಡುವವನು ಕಿವಿಗೆ ಬಿದ್ದ ಮಾತನ್ನು ಮಾತ್ರ ಹೇಳಬೇಕು, "ಚೆನ್ನಾಗಿತ್ತು" "ಚೆನ್ನಾಗಿರಲಿಲ್ಲ" ಬೇಡ. ಅದೇ ಸಂದರ್ಭವನ್ನು ಕೂಡಲೇ ಎರಡನೇ ಸಲ ಮಾಡಿಸಿ. ಈ ಎರಡನೇ ಸಲದಲ್ಲೇ ಕಲಿಕೆ ಇರುವುದು, ಸಮಯ ಇಲ್ಲ ಅಂತ ಬಹಳ ಜನ ಇದನ್ನೇ ಬಿಡುತ್ತಾರೆ. ನಾಚಿಕೆ ಇರುವವರನ್ನು ಮೊದಲು ಎಬ್ಬಿಸಬೇಡಿ. ಮೊದಲೆರಡು ಸುತ್ತು ನೋಡುವವರಾಗಿ ಇರಲಿ, ತಾವೇ ಎದ್ದು ಬರುತ್ತಾರೆ.

ಆರನೇ ವಾರ ಮತ್ತು ಆಮೇಲೆ

ವಾಟ್ಸಾಪ್‌ಗೆ ಅರ್ಧ ಗಂಟೆ ಸಾಕು. ಯಾವ ಮೆಷಿನ್, ಏನಾಗಿದೆ, ಯಾರು ಏನು ಮಾಡಬೇಕು, ಒಂದೇ ಮೆಸೇಜ್‌ನಲ್ಲಿ. ಬರೀ ಹೆಬ್ಬೆರಳು ಒತ್ತಿದರೆ ನೋಡಿದ್ದೇನೆ ಅಂತಲೋ ಮಾಡುತ್ತೇನೆ ಅಂತಲೋ ಗೊತ್ತಾಗುವುದಿಲ್ಲ. "11ಕ್ಕೆ ಮುಗಿಸ್ತೀನಿ" ಅಂತ ಬರೆಯಲಿ. ತುರ್ತು ಇದ್ದರೆ ಫೋನ್.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಕಾರ್ಖಾನೆಗೆ ಹೊಸದಾಗಿ ಬಂದ ಲಕ್ಷಾಂತರ ಜನರನ್ನು ಬೇಗ ತಯಾರು ಮಾಡಲು ಸರ್ಕಾರವೇ 1940ರಲ್ಲಿ ಒಂದು ತರಬೇತಿ ಯೋಜನೆ ತಂದಿತ್ತು. ಅದರಲ್ಲಿ ಕೆಲಸ ಹೇಳಿಕೊಡಲು ನಾಲ್ಕು ಹಂತ: ಕಲಿಯುವವನನ್ನು ಸಿದ್ಧ ಮಾಡು, ತೋರಿಸು, ಅವನಿಂದ ಮಾಡಿಸು, ಆಮೇಲೆ ಹೋಗಿ ನೋಡುತ್ತಿರು. ಮಾತು ಕಲಿಸುವವರು ಬಿಡುವುದು ಈ ನಾಲ್ಕನೆಯದನ್ನೇ. ಕ್ಲಾಸ್ ಮುಗಿದ ಮೇಲೆ ಮೂರು ತಿಂಗಳು, ವಾರಕ್ಕೊಮ್ಮೆ ಶಿಫ್ಟ್ ಬದಲಾಗುವ ಹೊತ್ತಿಗೆ ಹೋಗಿ ನಿಂತುಕೊಳ್ಳಿ.

ಫಲ ಬಂತಾ ಇಲ್ವಾ ಅಂತ ತಿಳಿಯಲು ಫೀಡ್‌ಬ್ಯಾಕ್ ಫಾರ್ಮ್ ನೆಚ್ಚಿಕೊಳ್ಳಬೇಡಿ, ಎಲ್ಲರೂ ಐದಕ್ಕೆ ಐದು ಹಾಕುತ್ತಾರೆ. ಬ್ರೇಕ್‌ಡೌನ್ ರಿಜಿಸ್ಟರ್‌ನಲ್ಲಿ ಎರಡು ಸಮಯ ಬರೆಸಿ. ತೊಂದರೆ ಕಣ್ಣಿಗೆ ಬಿದ್ದದ್ದು ಎಷ್ಟೊತ್ತಿಗೆ, ಸೂಪರ್‌ವೈಸರ್‌ಗೆ ಹೇಳಿದ್ದು ಎಷ್ಟೊತ್ತಿಗೆ. ನಡುವಿನ ಅಂತರ ವಾರದಿಂದ ವಾರಕ್ಕೆ ಕಡಿಮೆ ಆಗುತ್ತಿದ್ದರೆ ಪಾಠ ನಾಟಿದೆ. ಒಂದು ಮೆಷಿನ್ ಹತ್ತಿರ ಮಾತ್ರ ಕಡಿಮೆ ಆಗುತ್ತಿಲ್ಲ ಅಂದರೆ ಅಲ್ಲಿನ ಹುಡುಗರನ್ನು ಮತ್ತೆ ಕ್ಲಾಸ್‌ಗೆ ಕರೆಯಬೇಡಿ. ಅಲ್ಲಿನ ಸೂಪರ್‌ವೈಸರ್ ಜೊತೆ ಟೀ ಕುಡಿಯುತ್ತಾ ಕೂತು, ಕೆಟ್ಟ ಸುದ್ದಿ ಕೇಳಿದಾಗ ಮೊದಲ ಮಾತು ಯಾವುದು ಬರುತ್ತಿದೆ ಅಂತ ವಿಚಾರಿಸಿ.